ಒಂದು ಉಗುರಿನ ಬಿಳಿ

ಹಳದಿ ಎಷ್ಟು ಹಳದಿಯಾಗಿರಬೇಕು ಎಂದು ಹೇಳುವುದೇ ನನ್ನ ನೌಕರಿ. ಹೊನ್ನಬಂಡಿ ಪೆರಾಕ್ಸೈಡ್ ಕಾರ್ಖಾನೆಯ ಸುರಂಗ ಕುಲುಮೆಯ ಬಾಯಲ್ಲಿ ನಿಂತು, ಹೊರಗೆ ಬರುವ ಪ್ರತಿ ತಾಟನ್ನೂ ದಪ್ಪ ಗಾಜಿನ ಈಚೆಯಿಂದ ನೋಡುತ್ತೇನೆ. ಕಡಲೆಹಿಟ್ಟಿನ ಬಣ್ಣವಿದ್ದರೆ ಪಾಸು. ಅದಕ್ಕಿಂತ ಬಿಳಿಚಿಕೊಂಡಿದ್ದರೆ ಸೋಡಿಯಂ ಸರಿಯಾಗಿ ಬೆಂದಿಲ್ಲ, ಮರಳಿ ಕುಲುಮೆಗೆ. ಅರಿಸಿನದಷ್ಟು ಗಾಢವಾಗಿದ್ದರೆ ಆಮ್ಲಜನಕವನ್ನು ಮಿತಿಮೀರಿ ಕುಡಿದಿದೆ, ಕೆಂಪು ಡಬ್ಬಿಗೆ. ಬಣ್ಣ ಅಳೆಯುವ ಯಂತ್ರವೂ ಪಕ್ಕದಲ್ಲೇ ಇದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ, ಅದಕ್ಕೆ ನನ್ನ ಮೇಲೂ ಅಷ್ಟೇ ಇರಬಹುದು.

ರಾಯಚೂರು ಸೀಮೆಯಲ್ಲಿ ಈಗ ಫೆಬ್ರುವರಿಯಿಂದ ಜೂನ್‌ವರೆಗೆ ನೆಲದ ಮೇಲೆ ಸಂಸಾರ ಮಾಡಲು ಆಗುವುದಿಲ್ಲ. ಐವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಕಾಗೆಯೂ ಕೂರುವುದಿಲ್ಲ. ನಾನು ಹುಟ್ಟಿದ ಮರುವರ್ಷ, ಬಂಗಾರ ಮುಗಿದು ಮುಚ್ಚಿದ್ದ ಹಳೆಯ ಗಣಿಯೊಳಗೆ ಮೂರು ಸಾವಿರ ಮನೆ ಕೊರೆದು ಜನರನ್ನು ಇಳಿಸಿದ್ದರು. ಅದಕ್ಕೆ ನಾವು ಕೆಳಗಿನೂರು ಎನ್ನುತ್ತೇವೆ. ಮೇಲಿನ ಬೆಂಕಿಗಾಳಿಯನ್ನು ಒಳಗೆ ಬಿಟ್ಟರೆ ಕೆಳಗಿನೂರೂ ಬೇಯುತ್ತದೆ. ಅದಕ್ಕೇ ಹೊರಗಾಳಿಯ ಬಾಗಿಲು ಹಾಕಿ, ಒಳಗಿನ ಗಾಳಿಯನ್ನೇ ತಿರುತಿರುಗಿ ಹೊಸದು ಮಾಡಿಕೊಳ್ಳುತ್ತೇವೆ.

ಹೊಸದು ಮಾಡುವುದು ನಮ್ಮ ಬಿಲ್ಲೆ. ಉಪ್ಪಿನಿಂದ ಸೋಡಿಯಂ ತೆಗೆದು, ಒಣಗಾಳಿಯಲ್ಲಿ ಒಮ್ಮೆ, ಶುದ್ಧ ಆಮ್ಲಜನಕದಲ್ಲಿ ಇನ್ನೊಮ್ಮೆ ಸುಟ್ಟರೆ ಪೆರಾಕ್ಸೈಡ್ ಆಗುತ್ತದೆ. ಇಷ್ಟಕ್ಕೂ ಬೇಕಾದ ವಿದ್ಯುತ್ತನ್ನು ಕೊಡುವವನು, ನಮ್ಮನ್ನು ಕೆಳಗೆ ಅಟ್ಟಿದ ಆ ಸೂರ್ಯನೇ. ಪುಡಿಯನ್ನು ಜೋಳದ ರೊಟ್ಟಿಯಗಲಕ್ಕೆ ಒತ್ತಿ, ತೂತುಗಳಿರುವ ಉಕ್ಕಿನ ಕವಚದಲ್ಲಿಟ್ಟು ಮನೆಮನೆಗೆ ಕಳಿಸುತ್ತೇವೆ. ನಾವು ಬಿಟ್ಟ ಉಸಿರನ್ನು ಅದು ನುಂಗಿ ಆಮ್ಲಜನಕ ಕೊಡುತ್ತದೆ. ಕೊಡುತ್ತ ಕೊಡುತ್ತ ಅಂಚಿನಿಂದ ಒಳಕ್ಕೆ ಬೆಳ್ಳಗಾಗುತ್ತ ಬರುತ್ತದೆ. ಪೂರ್ತಿ ಬೆಳ್ಳಗಾದ ದಿನ ಅದು ಬರೀ ಬಟ್ಟೆ ಸೋಡಾ. ಅದಕ್ಕೆ ಆಗಿಬರದವು ಎರಡು. ಒಂದು ಹನಿ ನೀರು ಬಿದ್ದರೂ ಕುದಿದು ಸಿಡಿಯುತ್ತದೆ. ಬೆಂಕಿ ಹತ್ತಿರವಿದ್ದರೆ ಆ ಬೆಂಕಿಗೆ ತಾನೇ ಉಣಿಸಿ ಬೆಳೆಸುತ್ತದೆ. ಆದ್ದರಿಂದ ಕೆಳಗಿನೂರಿನಲ್ಲಿ ಕಡ್ಡಿ ಗೀರುವುದೇ ಅಪರಾಧ. ಅಡುಗೆಯೆಲ್ಲ ವಿದ್ಯುತ್ ಒಲೆಯಲ್ಲಿ, ದೇವರ ಮುಂದಿನ ದೀಪವೂ ಬಲ್ಬು.

ಒಂದು ತಲೆಗೆ ವಾರಕ್ಕೆ ಒಂದು ಬಿಲ್ಲೆ, ಅದೂ ಪಟ್ಟಿಯಲ್ಲಿ ಹೆಸರಿದ್ದರೆ. ನನ್ನ ತಂಗಿ ಸುಗಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಅವಳ ಹೆಸರು ಗಂಡನ ಊರಿನ ಪಟ್ಟಿಯಲ್ಲೇ ಉಳಿದಿತ್ತು. ವರ್ಗಾವಣೆಗೆ ಅರ್ಜಿ ಕೊಟ್ಟು ತಿಂಗಳಾಗಿತ್ತು. ಅಷ್ಟರಲ್ಲಿ ಗಂಡುಮಗು ಹುಟ್ಟಿತು. ಅವ್ವ, ನಾನು, ಸುಗಲಾ, ಕೂಸು: ನಾಲ್ಕು ಉಸಿರಿಗೆ ಎರಡು ಬಿಲ್ಲೆ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಳಿ ಮುಗಿಸಿ ಮನೆಗೆ ಬಂದರೆ ಮೊದಲು ಕೂಸಿನ ಮೂಗಿಗೆ ಬೆರಳು ಹಿಡಿಯುವುದು, ಆಮೇಲೆ ಚಪ್ಪಲಿ ಬಿಡುವುದು.

ಮೂರನೆಯ ದಿನ ಕೆಂಪು ಡಬ್ಬಿಯ ಪುಡಿಯಿಂದ ಎರಡು ಬಿಲ್ಲೆ ಒತ್ತಿ ಕದ್ದೆ. ಹೌದು, ಕದ್ದೆ, ಬೇರೆ ಮಾತು ಹುಡುಕುವುದಿಲ್ಲ. ಅರಿಸಿನ ಬಣ್ಣದವು, ಸೂಪರಾಕ್ಸೈಡ್ ಸೇರಿ ಅಳತೆ ಮೀರಿ ಆಮ್ಲಜನಕ ಉಗುಳುವಂಥವು. ಬಾಣಂತಿಗೆ ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಅವ್ವ ಹೆದರಿಯಾಳು ಎಂದು ಅವಳಿಗೆ ಹೇಳದೆ, ಸುಗಲಾಳ ಕೋಣೆಯ ಗೋಡೆಯ ಎತ್ತರದ ಗೂಡಿನಲ್ಲಿಟ್ಟು ಮುಂದೆ ಒಂದು ತಗಡಿನ ಕ್ಯಾಲೆಂಡರ್ ಒರಗಿಸಿದೆ. ನಮ್ಮ ಮನೆಯಲ್ಲಿ ಪ್ರೀತಿ ತೋರಿಸುವ ರೀತಿಯೇ ಹೀಗೆ. ಅಪ್ಪನಿಗೆ ಕಾಯಿಲೆ ಇದ್ದದ್ದನ್ನು ಅವ್ವ ನಮಗೆ ಎರಡು ವರ್ಷ ಹೇಳಿರಲಿಲ್ಲ.

ಅವ್ವನ ಗೊಣಗಾಟ ಬೇರೆ ಇತ್ತು. ಬಂಡೆಯ ಕಾವು ಇಳಿಸಲು ಗೋಡೆಗಳ ಒಳಗೆ ತಣ್ಣೀರಿನ ಕೊಳವೆ ಹಾಯಿಸಿದ್ದಾರೆ. ಅದೇ ಅವಳಿಗೆ ವೈರಿ.

"ಗ್ವಾಡಿ ಮುಟ್ಟಿ ನೋಡ ನೀಲಾ, ಐಸ್ ಆಗೇತಿ. ಹಸಿ ಮೈಯಾಕಿ ಇಂಥಲ್ಲೆ ಮಕ್ಕೊಂಡ್ರ ನಾಳೆ ಸಂದು ಸಂದು ಹಿಡೀತಾವ. ನಿನ್ನ ಹಡದಾಗ ನಮ್ಮವ್ವ ನನಗ ಇಪ್ಪತ್ತೊಂದ ದಿನ ಹೊರಸಿನ ಕೆಳಗ ಕೆಂಡ ಇಟ್ಟ ಕಾಸಿದ್ಲು."

"ಆಗ ನೀವು ಮ್ಯಾಲ ಇದ್ರಿ ಅವ್ವ. ಬಿಸಿನೀರಿನ ಚೀಲ ತಂದ ಕೊಟ್ಟೀನಲ್ಲ."

"ಚೀಲಕ್ಕ ಕೆಂಡದ ಗುಣ ಬರತೈತೇನ?" ಎಂದವಳು ನನ್ನ ಮುಖ ನೋಡಿ ಮಾತು ಬದಲಿಸಿದಳು. "ಇರಲಿ ಬಿಡು. ನೀ ಉಣ್ಣು."

ಅವ್ವ ಅಷ್ಟು ಬೇಗ ಮಾತು ಬಿಟ್ಟುಕೊಡುವ ಹೆಂಗಸಲ್ಲ. ನನಗೆ ಆಗಲೇ ತಿಳಿಯಬೇಕಿತ್ತು.

ಕೂಸಿಗೆ ಒಂಬತ್ತು ದಿನ ತುಂಬಿದ ಬೆಳಿಗ್ಗೆ, ಪಾಳಿಯ ನಡುವೆ ಕಂಟ್ರೋಲ್ ರೂಮಿಗೆ ಹೋದೆ. ಕೆಲಸವೇನೂ ಇರಲಿಲ್ಲ, ಮನಸ್ಸು ನಿಲ್ಲಲಿಲ್ಲ, ಅಷ್ಟೇ. ಮೂರು ಸಾವಿರ ಮನೆಗಳ ಗಾಳಿಯ ಲೆಕ್ಕ ಅಲ್ಲಿನ ಒಂದೇ ಗೋಡೆಯ ಮೇಲೆ ಉರಿಯುತ್ತಿರುತ್ತದೆ: ಮನೆಗೊಂದು ದೀಪ. ಹಸಿರಾದರೆ ಸರಿ, ಕೆಂಪಾದರೆ ಗಂಟೆ. ಆಪರೇಟರ್ ವಿರೂಪಣ್ಣ ನನ್ನನ್ನು ಕಂಡವನೇ ಕರೆದ.

"ಬರ್ರಿ ನೀಲಕ್ಕಾರ, ನಿಮ್ಮ ಮನೀ ನೋಡ್ರಿಲ್ಲೆ. ಆಮ್ಲಜನಕ ನೂರಕ್ಕ ಇಪ್ಪತ್ತೆರಡೂವರಿ! ಊರಾಗ ಇಂಥಾ ಗಾಳಿ ಯಾರ ಮನ್ಯಾಗೂ ಇಲ್ಲ. ಕೂಸಿನ ಕಾಲ್ಗುಣ ಛಲೋ ಐತಿ ಬಿಡ್ರಿ."

ಕಾಲ್ಗುಣವಲ್ಲ, ಕಳ್ಳತನ. ಒಳಗೊಳಗೇ ಹಿಗ್ಗಿದೆ. ಎರಡು ಹೆಜ್ಜೆ ಇಟ್ಟ ಮೇಲೆ ಹಿಗ್ಗಿನ ಕೆಳಗೆ ಏನೋ ಚುಚ್ಚಿತು. ಆರು ದಿನದ ಹಿಂದೆ ಇಟ್ಟ ಬಿಲ್ಲೆಗಳು ಇಷ್ಟೊತ್ತಿಗೆ ಮಂಕಾಗಬೇಕಿತ್ತು. ಇನ್ನೂ ಯಾಕೆ ಇಷ್ಟು ಹುರುಪಿನಿಂದ ಉಗುಳುತ್ತಿವೆ?

ಉತ್ತರ ಸಿಗದೆ ಮರಳಿಕೆ ಕಟ್ಟೆಗೆ ಹೋದೆ. ಕೆಳಗಿನೂರಿನ ಬಳಸಿದ ಬಿಲ್ಲೆಗಳು ಮೇಲೆ ಬಂದು ಇಳಿಯುವುದು ಅಲ್ಲಿ. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತಿರುವವರು ಹುಸೇನಬಿ ಚಾಚಿ. ಕವಚ ತೆರೆದು, ಬಿಲ್ಲೆಯ ಅಂಚಿನ ಬಿಳಿ ಎಷ್ಟಿದೆ ಎಂದು ಬೆರಳಿಟ್ಟು ನೋಡಿ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರಿಗೆ ಜ್ವರ, ಯಾವ ಗಂಡ ಹೆಂಡತಿ ಜಗಳವಾಡಿದ್ದಾರೆ ಎಂದು ಹೇಳಿಬಿಡುತ್ತಾರೆ. ಜಗಳ ಆಡಿದರೆ ಉಸಿರು ಹೆಚ್ಚು ಖರ್ಚಂತೆ. ಅವರ ಮೇಜಿನ ಹತ್ತಿರ ನೀರಿನ ಲೋಟ ಇಡುವ ಹಾಗಿಲ್ಲ. ಹಣೆಯಲ್ಲಿ ಬೆವರು ಕಂಡರೆ ಎಂಥ ಸಾಹೇಬನನ್ನೂ ಆಚೆ ನಿಲ್ಲಿಸುತ್ತಾರೆ.

"ಹದಿನಾಲ್ಕನೇ ಓಣಿ, ಎಂಟನೇ ಮನೀ. ನಿಮ್ಮದ ಅಲ್ಲೇನ ಬೇಟಿ?" ಎಂದು ಎರಡು ಬಿಲ್ಲೆ ಮುಂದೆ ತಳ್ಳಿದರು. "ಎರಡ ದಿನಕ್ಕ ವಾಪಸ್ ಬಂದಾವು. ಮನ್ಯಾಗ ಎಷ್ಟ ಮಂದಿ ಅದೀರಿ?"

"ಮೂವರು ಚಾಚಿ. ಮತ್ತ ಒಂದ ಹಸಗೂಸು."

"ಹಸಗೂಸು ವಾರಕ್ಕ ಒಂದ ಉಗುರಿನಷ್ಟು ಬೆಳ್ಳಗ ಮಾಡತೈತಿ, ಅಷ್ಟ. ಇದು ಏಳ ಮಂದಿ ಉಸಿರು."

ಗೂಡಿನಲ್ಲಿ ಇನ್ನೂ ಎರಡು ಇವೆ ಎಂದು ಅವರಿಗೆ ಗೊತ್ತಿಲ್ಲ. ಹಾಗಾದರೆ ಏಳಲ್ಲ, ಇನ್ನೂ ಹೆಚ್ಚು. ಚಾಚಿ ಬಿಲ್ಲೆಯನ್ನು ಓರೆ ಮಾಡಿ ಬೆಳಕಿಗೆ ಹಿಡಿದರು. ಬಿಳಿಯ ಮೇಲೆ ಬೂದಿಯ ತೆಳು ಪೊರೆಯಿತ್ತು. ಅವರ ದನಿ ಇಳಿಯಿತು.

"ಇದ್ರಾಗ ಮನಷ್ಯಾರ ಅಷ್ಟ ಉಸರಾಡಿಲ್ಲ ಬೇಟಿ. ಬೆಂಕೀನೂ ಉಸರಾಡೈತಿ. ನಿಮ್ಮವ್ವ ಬಾಣಂತಿಗೆ ಕಾಸಾಕತ್ತಾಳೇನ?"

ಎಲ್ಲವೂ ಒಂದೇ ಸಲ ತಲೆಗೆ ಹೊಳೆಯಿತು. ಕೆಂಡ ನಮ್ಮ ಉಸಿರಿನಂಥದೇ ಕೆಟ್ಟಗಾಳಿ ಬಿಡುತ್ತದೆ, ಬಿಲ್ಲೆ ಅದನ್ನು ನುಂಗಿ ಆಮ್ಲಜನಕ ಕೊಡುತ್ತದೆ, ಆ ಆಮ್ಲಜನಕ ಉಂಡು ಕೆಂಡ ಇನ್ನೂ ಉರಿಯುತ್ತದೆ, ಇನ್ನೂ ಕೆಟ್ಟಗಾಳಿ, ಇನ್ನೂ ಆಮ್ಲಜನಕ. ಅವ್ವನ ಅಗ್ಗಿಷ್ಟಿಗೆಗೆ ತಿದಿ ಒತ್ತುತ್ತಿದ್ದವಳು ನಾನು. ಕೆಂಡ ಬಿಡುವುದು ಒಂದೇ ಗಾಳಿಯನ್ನಲ್ಲ. ಇನ್ನೊಂದಿದೆ, ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು, ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಕಸಿಯುವಂಥದ್ದು: ಕಾರ್ಬನ್ ಮಾನಾಕ್ಸೈಡ್. ಅದು ಬಿಲ್ಲೆಗೆ ಬೇಡ. ಅದನ್ನು ಅಳೆಯುವ ಕಣ್ಣು ಕಂಟ್ರೋಲ್ ರೂಮಿಗೂ ಇಲ್ಲ. ಬೆಂಕಿಯೇ ಇಲ್ಲದ ಊರಿಗೆ ಅದು ಯಾಕೆ ಎಂದು ಕಟ್ಟುವಾಗಲೇ ಕೈಬಿಟ್ಟಿದ್ದರು.

ಚಾಚಿಯ ಮೇಜಿನ ಫೋನಿನಿಂದಲೇ ಮನೆಗೆ ಮಾಡಿದೆ.

"ಅವ್ವಾ, ಸುಗಲಾನ ಖೋಲ್ಯಾಗ ಕೆಂಡ ಇಟ್ಟೀಯೇನ?"

"ಯಾವ ಕೆಂಡ? ಯಾರ ಹೇಳಿದ್ರು? ಏನಿಲ್ಲ. ಆರಾಮ ಮಕ್ಕೊಂಡಾಳ."

"ಆಕಿನ್ನ ಎಬ್ಬಸು. ಈಗಿಂದೀಗ ಎಬ್ಬಸಿ ಕೂಸಿನ್ನ ಹೊರಗ ತಾ."

"ಈಗರೆ ಕಣ್ಣ ಹಚ್ಯಾಳ ನೀಲಾ. ಆರಾಮ ಅದಾರ, ಇಬ್ಬರೂ ಆರಾಮ ಅದಾರ." ಫೋನಿಟ್ಟಳು.

ಮತ್ತೆ ಮಾಡಿದೆ, ಎತ್ತಲಿಲ್ಲ. ಕಂಟ್ರೋಲ್ ರೂಮಿಗೆ ಮಾಡಿ ವಿರೂಪಣ್ಣನಿಗೆ ಆಸ್ಪತ್ರೆಯವರನ್ನು ಕಳಿಸು ಎಂದೆ. "ಯಾಕ್ರಿ? ನಿಮ್ಮ ದೀಪ ಹಸರ ಐತಲ್ರೀ" ಎಂದ. ಅವನಿಗೆ ಆಗ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಗಣಿಯ ತೊಟ್ಟಿಲು, ಅಂದರೆ ನಮ್ಮ ಲಿಫ್ಟು, ಕೆಳಗಿಳಿಯಲು ಎರಡೂವರೆ ನಿಮಿಷ. ಮೂವತ್ತನಾಲ್ಕು ವರ್ಷದಲ್ಲಿ ಸಾವಿರಾರು ಸಲ ಇಳಿದಿದ್ದೇನೆ, ಎಂದೂ ಎಣಿಸಿರಲಿಲ್ಲ. ಅಂದು ಎಣಿಸಿದೆ. ಅವ್ವನ ಹಟ, ಅವ್ವನ ಸುಳ್ಳು, ಗೂಡಿನಲ್ಲಿಟ್ಟ ನನ್ನ ಸುಳ್ಳು, ಯಾವುದನ್ನು ಮೊದಲು ಬೈಯಬೇಕೋ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಹೊಳೆಯಿತು. ನನ್ನ ಫೋನಿಗೆ ಹೆದರಿದ ಅವ್ವ ಈಗ ಏನು ಮಾಡುತ್ತಾಳೆ? ಕೆಂಡ ಆರಿಸುತ್ತಾಳೆ. ಯಾವುದರಿಂದ? ನೀರಿನಿಂದ.

ಓಣಿಯುದ್ದಕ್ಕೂ ಓಡಿದೆ. ಬಾಗಿಲು ತಳ್ಳಿದಾಗ ಅವ್ವ ತುಂಬಿದ ಕೊಡ ಹಿಡಿದು ಸುಗಲಾಳ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಒಳಗಿಂದ ಕುಲುಮೆಯ ಬಾಯಿಯ ಝಳ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ. ಅದರೊಳಗಿನ ಕೆಂಡ ಕೆಂಪಗಿರಲಿಲ್ಲ, ಬೆಳ್ಳಗೆ ಉರಿಯುತ್ತಿತ್ತು. ನೀರು ಸೋಸುವ ಡ್ರಮ್ಮಿನ ತೆಂಗಿನ ಚಿಪ್ಪಿನ ಇದ್ದಿಲನ್ನು ಅವ್ವ ಆರು ತಿಂಗಳಿಂದ ಹಿಡಿಹಿಡಿ ಕೂಡಿಟ್ಟು, ವಿದ್ಯುತ್ ಒಲೆಯ ಮೇಲೆ ಹೊತ್ತಿಸಿದ್ದಳೆಂದು ಆಮೇಲೆ ತಿಳಿಯಿತು. ಅದರ ನೇರ ಮೇಲೆ, ಒಂದು ಮಾರು ಎತ್ತರದಲ್ಲಿ, ನನ್ನ ಗೂಡು.

"ನೀರ ಹಾಕಬ್ಯಾಡ ಅವ್ವಾ! ಹಬೆ ಮ್ಯಾಲ ಹೋದ್ರ ಎಲ್ಲಾ ಸುಡತೈತಿ. ಗೂಡಿನ್ಯಾಗ ಬಿಲ್ಲೆ ಅದಾವ."

"ಯಾವ ಬಿಲ್ಲೆ?"

"ನಾನ ಇಟ್ಟೀನಿ. ಕದ್ದ ತಂದ ಇಟ್ಟೀನಿ."

ಅವ್ವ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಷ್ಟು ಹೊತ್ತು ಕೂಡ ನಮಗೆ ಇರಲಿಲ್ಲ. ಅವಳು ಕೊಡವನ್ನು ಅಂಗಳದತ್ತ ಎಸೆದು ಒಳನುಗ್ಗಿ ಕೂಸನ್ನು ಎತ್ತಿಕೊಂಡಳು. ನಾನು ಸುಗಲಾಳ ಕಂಕುಳಲ್ಲಿ ಕೈಹಾಕಿ ಎಳೆದೆ. ಅವಳ ಕೆನ್ನೆ ಎಷ್ಟು ಕೆಂಪಗಿತ್ತೆಂದರೆ, ಗೊತ್ತಿಲ್ಲದವರು ಬಾಣಂತಿ ಮೈ ತುಂಬಿಕೊಂಡಿದ್ದಾಳೆ ಎನ್ನುತ್ತಿದ್ದರು. ಕಣ್ಣು ಬಿಡಲಿಲ್ಲ.

ಬಾಗಿಲ ಬಳಿಯ ಬೆಂಕಿ ಬಕೇಟು ಹಿಡಿದರೆ ಖಾಲಿ. ಅದರ ಮರಳನ್ನೇ ಅವ್ವ ಅಗ್ಗಿಷ್ಟಿಗೆಯ ತಳಕ್ಕೆ ಹಾಸಿದ್ದಳು. ಪಕ್ಕದ ಮನೆಯ ಬಕೇಟು ಕಿತ್ತು ತಂದು ಕೆಂಡದ ಮೇಲೆ ಸುರಿದೆ, ಆಚೆಮನೆಯದನ್ನೂ ಸುರಿದೆ. ಗೂಡಿನ ಕವಚಗಳನ್ನು ಮುಟ್ಟುವಂತಿರಲಿಲ್ಲ, ಕಾದ ಹಂಚಾಗಿದ್ದವು. ಓಣಿಗೆ ಬಂದಾಗ ಸುಗಲಾ ವಾಂತಿ ಮಾಡಿಕೊಳ್ಳುತ್ತಿದ್ದಳು. ವಾಂತಿ ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿಲ್ಲ. ಅವ್ವ ನೆಲದ ಮೇಲೆ ಕೂತು ಕೂಸಿನ ಅಂಗಾಲು ತಿಕ್ಕುತ್ತಿದ್ದಳು.

"ಅಳವಲ್ಲದು ನೀಲಾ. ಉಸರ ಐತಿ, ಅಳವಲ್ಲದು."

ಆಸ್ಪತ್ರೆಯಲ್ಲಿ ನಾಲ್ಕು ದಿನ ಆಮ್ಲಜನಕ ಕೊಟ್ಟರು. ಸುಗಲಾ ಎದ್ದು ಕೂತಳು. ಕೂಸು ಉಸಿರಾಡಿತು, ಕೊಟ್ಟಷ್ಟು ಹಾಲು ಕುಡಿಯಿತು, ಕಣ್ಣು ತೆರೆದು ದೀಪ ನೋಡಿತು. ಅಳಲಿಲ್ಲ. ಡಾಕ್ಟರಮ್ಮ ಮಾತು ತೂಗಿ ಹೇಳಿದರು: "ಮಿದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಈಗಲೇ ಹೇಳಲಾಗದು. ಹಸಿವಾದಾಗ ಗಟ್ಟಿಯಾಗಿ ಅಳಬೇಕು. ಅಳು ಬಂದರೆ ಬಚಾವಾದಿರಿ."

ಅಷ್ಟರಲ್ಲಿ ನನ್ನ ಮೇಲೆ ವಿಚಾರಣೆ ಬಂತು. ಬಿಲ್ಲೆ ಕದ್ದದ್ದನ್ನು ಒಪ್ಪಿಕೊಂಡೆ. ಅವ್ವನಿಗೆ ಮುದುಕಿಯೆಂದು ಎಚ್ಚರಿಕೆ ಕೊಟ್ಟು ಬಿಟ್ಟರು. ವಿಚಾರಣೆ ಮುಗಿಯುವವರೆಗೆ ನಾನು ಕೆಳಗಿನೂರಿಗೆ ಕಾಲಿಡುವ ಹಾಗಿಲ್ಲ. ಮೇಲಿನ ಕ್ವಾರ್ಟರ್ಸಿನಲ್ಲಿ ವಾಸ, ಕುಲುಮೆಯ ಬದಲು ಮರಳಿಕೆ ಕಟ್ಟೆಯಲ್ಲಿ ಕೆಲಸ, ದಿನಕ್ಕೊಮ್ಮೆ ಪಾಳಿ ಮುಗಿದ ಮೇಲೆ ಐದು ನಿಮಿಷ ಫೋನು. ವಿಚಾರಣೆಯ ದೆಸೆಯಿಂದ ಒಂದೇ ಒಂದು ಒಳ್ಳೆಯದಾಯಿತು. ತಿಂಗಳಿಂದ ಮಲಗಿದ್ದ ಅರ್ಜಿ ಎದ್ದು, ಸುಗಲಾ ಮತ್ತು ಕೂಸಿನ ಹೆಸರು ಪಟ್ಟಿಗೆ ಸೇರಿತು.

"ಕೂಸ ಹೆಂಗೈತಿ ಅವ್ವ?"

"ಆರಾಮ ಅದಾನ."

"ಅಳ್ತಾನೇನ?"

"ಅಳ್ತಾನ, ಅಳ್ತಾನ."

"ಫೋನ್ ಅವನ ಹತ್ರ ಹಿಡಿ."

"ಈಗರೆ ಮಕ್ಕೊಂಡಾನ."

ಅದೇ ಮಾತು, ಅದೇ ದನಿ. ಅಂದು ಕೆಂಡದ ಪಕ್ಕ ನಿಂತು ಆರಾಮ ಅದಾರ ಎಂದವಳು ಇವಳೇ. ಸುಗಲಾಳನ್ನು ಕೇಳಿದರೆ ಅವಳೂ ಅಷ್ಟೇ: "ನೀ ಚಿಂತಿ ಮಾಡಬ್ಯಾಡಕ್ಕಾ." ಚಿಂತೆ ಮಾಡಬೇಡ ಎಂದು ನಮ್ಮ ಮನೆಯಲ್ಲಿ ಹೇಳಿದರೆ ಚಿಂತೆಗೆ ಕಾರಣವಿದೆ ಎಂದೇ ಅರ್ಥ. ಕ್ವಾರ್ಟರ್ಸಿನ ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದೆ. ಏಳು ಹೆಜ್ಜೆ ಆ ಕಡೆ, ಏಳು ಈ ಕಡೆ.

ಆಗ ಚಾಚಿ ನನಗೆ ಬಿಲ್ಲೆ ಓದಲು ಕಲಿಸಿದರು. ಮನೆಯ ಗಾಳಿಪೆಟ್ಟಿಗೆಯಲ್ಲಿ ಗಾಳಿ ಬಿಲ್ಲೆಗಳನ್ನು ಸಾಲಾಗಿ ಹಾಯುತ್ತದೆ. ಮೊದಲನೆಯದು ಬೆಳ್ಳಗಾದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಈಗ ನಮ್ಮ ಮನೆಯಲ್ಲಿ ಮೂರು ಬಿಲ್ಲೆ. ಅವ್ವನದೊಂದು, ಸುಗಲಾಳದೊಂದು. ಆ ಎರಡು ತುಂಬಿ, ಮೂರನೆಯದರ ಅಂಚಿನಲ್ಲಿ ಎಷ್ಟು ಬಿಳಿ ಉಳಿಯುತ್ತದೋ ಅಷ್ಟು ಕೂಸಿನ ಉಸಿರು.

"ಬಾಯಿ ಏನರೆ ಹೇಳಲಿ ಬೇಟಿ. ಬಿಲ್ಲೆಗೆ ಸುಳ್ಳ ಹೇಳಾಕ ಬರೂದಿಲ್ಲ," ಎಂದರು ಚಾಚಿ.

ಮೊದಲ ವಾರ ಮೂರನೆಯ ಬಿಲ್ಲೆ ಬಂದಾಗ ಚಾಚಿಯೇ ಕವಚ ತೆರೆದರು. ಅಂಚಿನಲ್ಲಿ ನೂಲಿನಷ್ಟು ಬಿಳಿ. ಉಗುರಿನಷ್ಟಾದರೂ ಇರಬೇಕಿತ್ತು. ಸುಮ್ಮನೆ ಮಲಗಿರುವ ಕೂಸಿನ ಮೇಲುಮೇಲಿನ ಉಸಿರು ಅದು. ಅಂದು ಫೋನಿನಲ್ಲಿ ಅವ್ವ "ಭಾಳ ಅಳ್ತಾನ" ಎಂದಳು. ನಾನು ಹೂಂ ಎಂದೆ. ಈಗ ಸುಳ್ಳು ಹೇಳುವ ಸರದಿ ನನ್ನದಾಗಿತ್ತು.

ಎರಡನೆಯ ವಾರ ಅರ್ಧ ಉಗುರು. ಚಾಚಿ ಮುಂದಿನ ಕವಚ ಎತ್ತಿಕೊಂಡರು. ವಿಚಾರಣೆಯ ಸಾಹೇಬರು ಕರೆದು, ನಿಮ್ಮ ಸಮರ್ಥನೆ ಏನು ಎಂದು ಕೇಳಿದರು. ಏನೂ ಇಲ್ಲ, ಮನೆಮನೆಗೆ ಮಾನಾಕ್ಸೈಡ್ ಅಳೆಯುವ ಕಣ್ಣು ಹಾಕಿಸಿ ಎಂದೆ. ಕೆಳಗಿನೂರಿನಲ್ಲಿ ಬೆಂಕಿಯೇ ಇಲ್ಲವಲ್ಲ ಎಂದರು. ಅವ್ವಂದಿರು ಇದ್ದಾರಲ್ಲ ಸರ್ ಎಂದೆ. ಅವರು ಬರೆದುಕೊಂಡರು.

ಮೂರನೆಯ ವಾರದ ಗಾಡಿ ಮಧ್ಯಾಹ್ನ ಬಂತು. ಚಾಚಿ ಊಟಕ್ಕೆ ಎದ್ದಿರಲಿಲ್ಲ. ಹದಿನಾಲ್ಕನೇ ಓಣಿಯ ಪೆಟ್ಟಿಗೆಯನ್ನು ಅವರೇ ಎಳೆದುಕೊಂಡು ನಮ್ಮ ಮನೆಯ ಮೂರನೆಯ ಬಿಲ್ಲೆ ತೆಗೆದರು. ಅಂಚಿಗೆ ಹೆಬ್ಬೆರಳಿಟ್ಟರು. ಮತ್ತೊಂದು ಬೆರಳಿಟ್ಟರು. ಕನ್ನಡಕ ಮೇಲೆ ತಳ್ಳಿ, ಮತ್ತೆ ಇಳಿಸಿ ನೋಡಿದರು.

"ಈ ವಾರ ನಿಮ್ಮ ಮನ್ಯಾಗ ಯಾರೋ ಭಾಳ ಅತ್ತಾರ ಬೇಟಿ."

ಸತ್ತ ಮನೆಯಲ್ಲಿ ಅಳುತ್ತಾರೆ. ಅವ್ವ ಅತ್ತಳೇ, ಸುಗಲಾ ಅತ್ತಳೇ, ಎಂದಿನಂತೆ ನನಗೆ ಹೇಳದೆ ಮುಚ್ಚಿಟ್ಟರೇ? "ಯಾರು?" ಎಂದು ಕೇಳಿದೆ.

"ದೊಡ್ಡವರ ಅಳು ಹಿಂಗ ಇರೂದಿಲ್ಲ. ಅವರು ಒಂದ ದಿನ ಅತ್ತ ಬಿಡತಾರ. ಬಿಳಿ ಒಂದ ಕಡೆ ದಪ್ಪ ಕುಂದರತೈತಿ. ಇದು ನೋಡು, ಸುತ್ತಾ ಒಂದ ಸಮ. ದಿನಾ ಅತ್ತೈತಿ. ಹೊತ್ತಿಲ್ಲ ಗೊತ್ತಿಲ್ಲ, ಹಸದಾಗೊಮ್ಮೆ, ಹೊಟ್ಟಿ ಹರಕೊಂಡ ಅತ್ತೈತಿ."

ಬಿಲ್ಲೆಯನ್ನು ನನ್ನತ್ತ ತಿರುಗಿಸಿದರು. ಕಡಲೆಹಿಟ್ಟಿನ ಹಳದಿಯ ಸುತ್ತ ಎರಡು ಬೆರಳಗಲ ಬಿಳಿ. ಮೂರು ಕೆಜಿಯ ಒಂದು ಜೀವ ವಾರವಿಡೀ ಕಿರುಚಿ ಬರೆದದ್ದು. ನಾನು ಅದನ್ನು ಇನ್ನೂ ಹತ್ತಿರದಿಂದ ಓದಲು ಬಗ್ಗಿದೆ.

ಹುಸೇನಬಿ ಚಾಚಿ ನನ್ನ ಹೆಗಲು ಹಿಡಿದು ಹಿಂದಕ್ಕೆ ಎಳೆದರು.

"ದೂರ ನಿಂತ ಅಳು ಬೇಟಿ," ಎಂದರು. "ಬಿಲ್ಲೆ ಮ್ಯಾಲ ನೀರ ಬಿದ್ದೀತು."